ಹಾಜರಿ ಆಟ

ಸೆಮಿಫೈನಲ್ ದಿನ ನನ್ನ ಜೇಬಿನಲ್ಲಿ ಒಂದು ಪತ್ರವಿತ್ತು... ನಮ್ಮ ಕ್ಲಬ್ ಕಾರ್ಯದರ್ಶಿ ಶಿವಮಲ್ಲು ಸರ್ ಅವರನ್ನು ಕೆಳಗಿಳಿಸುವ ಪತ್ರ.

ಬರೆದವನು ನಾನೇ.

ಮಂಡ್ಯದ ಸಣ್ಣ ಬಾಸ್ಕೆಟ್‌ಬಾಲ್ ಕ್ಲಬ್ ನಮ್ಮದು. ಹುಡುಗಿಯರ ಟೀಮ್ ಹೇಗೆ ಆಡಬೇಕು ಎನ್ನುವುದು ಶಿವಮಲ್ಲು ಸರ್ ತೀರ್ಮಾನ. ಮೂವತ್ತು ವರ್ಷದಿಂದ ಒಂದೇ ಪದ್ಧತಿ...

ಪಾಸ್ ಕೊಡುವವಳು ಗೆಳತಿಯ ಹೆಸರು ಕರೆಯಬೇಕು. ಅವಳು "ಇದೀನಿ" ಅನ್ನಬೇಕು. ಆಮೇಲೆ ಬಾಲ್. ಐದೂ ಜನರ ಕೈ ದಾಟಿದ ಮೇಲೆಯೇ ಬುಟ್ಟಿಗೆ.

ಬೇರೆ ಟೀಮಿನವರು ಇದನ್ನು "ಹಾಜರಿ ಆಟ" ಎಂದು ಕರೆದು ನಗುತ್ತಿದ್ದರು.

ನನ್ನ ಮಗಳು ತನುಜಾ ಆ ಟೀಮಿನ ಒಳ್ಳೆಯ ಶೂಟರ್. ಆದರೆ ಈ ಆಟದಲ್ಲಿ ಅವಳ ಹೆಸರಿಗೆ ಪಾಯಿಂಟ್‌ಗಳೇ ಬೀಳುತ್ತಿರಲಿಲ್ಲ. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು... ನನಗೆ ಅನ್ನ ಸೇರುತ್ತಿರಲಿಲ್ಲ.

ಕಮಿಟಿ ಮೀಟಿಂಗ್‌ನಲ್ಲಿ ನಾನೇ ಜಗಳ ತೆಗೆದೆ.

"ಈಗೆಲ್ಲ ದೂರದಿಂದ್ಲೇ ಹೊಡೀತಾರೆ ಸಾರ್. ನೀವು ಹೆಸ್ರು ಕೂಗ್ಸಿ, ಬಾಲ್ ಎಲ್ಲಿಗ್ ಹೋಯ್ತದೆ ಅಂತ ಅವ್ರಿಗೇ ಹೇಳ್ಕೊಟ್ಟಂಗಾಯ್ತಲ್ಲ. ಅದ್ಕೇ ಪ್ರತಿ ಸಲ ಕೊನೇಲಿ ಸೋಲ್ತಿದೀವಿ."

"ಸೋಲ್ತೀವಿ ಕಣಪ್ಪ. ಆದ್ರೆ ಐದ್ ಜನಾನೂ ಒಟ್ಗೇ ಸೋಲ್ತೀವಿ. ಒಬ್ರೂ ತಪ್ಪೋಗಲ್ಲ."

"ಸೆಮಿಫೈನಲ್ ಸೋತ್ರೆ ನೀವು ಇಳೀಬೇಕು."

"ಆಯ್ತು" ಅಂದರು. ಎಂಥ ಮೊಂಡ ಮನುಷ್ಯ ಎಂದುಕೊಂಡೆ.

ಸೆಮಿಫೈನಲ್... ಕೊನೆಯ ಎರಡು ನಿಮಿಷ. ಒಂದೇ ಪಾಯಿಂಟ್ ಹಿಂದಿದ್ದೆವು.

ಸ್ವಲ್ಪ ಮುಂಚೆ ತನುಜಾ ಜಾರಿ ಬಿದ್ದಿದ್ದಳು, ತಲೆ ನೆಲಕ್ಕೆ ತಾಗಿತ್ತು. ತಕ್ಷಣ ಎದ್ದು, ಏನೂ ಆಗಿಲ್ಲ ಎಂದು ಕೈಯಾಡಿಸಿದ್ದಳು. ನಾನೂ ನಂಬಿದೆ... ನಂಬುವುದು ನನಗೆ ಬೇಕಾಗಿತ್ತು.

ಬಾಲ್ ಜಬೀನ್ ಕೈಗೆ ಬಂತು. ಟೀಮಿನಲ್ಲೇ ಮೆತ್ತಗಿನ ಹುಡುಗಿ.

"ತನುಜಾ..."

ಉತ್ತರವಿಲ್ಲ. ನನ್ನ ಮಗಳು ಬುಟ್ಟಿಯ ಹತ್ತಿರವೇ ನಿಂತಿದ್ದಳು. ಕಣ್ಣು ಬಿಟ್ಟುಕೊಂಡೇ ಇದ್ದಳು. ಅವಳ ಮುಂದೆ ಯಾರೂ ಅಡ್ಡ ಇರಲಿಲ್ಲ.

"ತನುಜಾ..."

"ಎಸಿಯೇ ಬಾಲ್ನ," ಗ್ಯಾಲರಿಯಿಂದ ನಾನು ಕಿರುಚಿದೆ.

ಜಬೀನ್ ಬಾಲನ್ನು ನೆಲಕ್ಕೆ ಬಿಟ್ಟು ಓಡಿದಳು. ತನುಜಾಳ ಭುಜ ಹಿಡಿದು ಮುಖ ನೋಡಿದಳು.

"ಸಾರ್... ಇವ್ಳು ಇಲ್ಲಿಲ್ಲ ಸಾರ್."

"ಸುಸ್ತಾಗಿರ್ಬೇಕು, ನೀರು ಕೊಟ್ಟು ಆಡ್ಸಿ," ಅಂದೆ ನಾನು. ಹೌದು... ಹೆತ್ತ ಅಪ್ಪ ಅಂದ ಮಾತು ಅದು.

ಶಿವಮಲ್ಲು ಸರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನ ಕೀ ತೆಗೆದುಕೊಂಡು, ನನ್ನ ಮಗಳನ್ನು ಎತ್ತಿಕೊಂಡೇ ನಡೆದರು. ಆಸ್ಪತ್ರೆಯ ದಾರಿಯಲ್ಲಿ ಅವಳಿಗೆ ಪ್ರಜ್ಞೆ ತಪ್ಪಿತು.

"ತಲೆ ಒಳಗೆ ರಕ್ತಸ್ರಾವ ಆಗ್ತಿತ್ತು," ಅಂದರು ಡಾಕ್ಟರ್, ಆಪರೇಷನ್ ಮುಗಿಸಿ ಬಂದು. "ಬೇಗ ತಂದಿದ್ದೇ ಉಳಿಸ್ತು. ಯಾರು ಗಮನಿಸಿದ್ದು?"

ನಾನಂತೂ ಅಲ್ಲ. ನಾನು ನೋಡುತ್ತಿದ್ದದ್ದು ಬುಟ್ಟಿಯನ್ನು...

ಮಾರನೇ ದಿನ ಶಿವಮಲ್ಲು ಸರ್ ಆಸ್ಪತ್ರೆಗೆ ಬಂದು ಒಂದು ಕವರ್ ನನ್ನ ಕೈಗಿಟ್ಟರು. ರಾಜೀನಾಮೆ.

"ಸೋತ್ವಲ್ಲಪ್ಪ. ಕೊಟ್ಟ ಮಾತು."

ಆ ಕವರನ್ನೂ ನನ್ನ ಜೇಬಿನ ಪತ್ರವನ್ನೂ ಸೇರಿಸಿ ಕಸದ ಬುಟ್ಟಿಗೆ ಹಾಕಿದೆ. ಅಳು ತಡೆಯಲಾಗಲಿಲ್ಲ. ಅವರ ಕೈ ಹಿಡಿದುಕೊಂಡು ಅತ್ತೆ.

ಮಗಳು ಇನ್ನೂ ಕಣ್ಣು ತೆರೆದಿರಲಿಲ್ಲ. ಅವರು ಮೆಲ್ಲಗೆ ಅವಳ ಕಿವಿಯ ಹತ್ತಿರ ಬಾಗಿದರು.

"ತನುಜಾ..."

ಕಾದೆವು...

ತುಟಿ ಅಲುಗಿತು.

"ಇದೀನಿ... ಸಾರ್."

ಹೆಸರು ಕರೆದರೆ ಸಾಲದು, ಉತ್ತರ ಬರುವವರೆಗೂ ಕಾಯಬೇಕು.

ಇವತ್ತು ನಿಮ್ಮ ಮನೆಯಲ್ಲಿ "ಇದೀನಿ" ಅನ್ನದೆ ಸುಮ್ಮನೆ ನಿಂತಿರುವವರು ಯಾರು... ಒಮ್ಮೆ ನೋಡಿದಿರಾ?