ಚೆಲ್ಲಿದ ಚಹಾ

ತನ್ನನ್ನು ನೋಡಲು ಬಂದಿದ್ದ ಅಣ್ಣನ ಎದುರಿಗೇ ಗಂಡ ಬಸಲಿಂಗ ಚಹಾವನ್ನು ಬಚ್ಚಲಿಗೆ ಚೆಲ್ಲಿದಾಗ ಕಸ್ತೂರಿಗೆ ಮೈಯೆಲ್ಲ ಉರಿದುಹೋಯಿತು.

"ನಮ್ಮನಿ ಚಹಾದ ರುಚಿ ನಿನ್ನ ಕೈಗೆ ಬರಂಗಿಲ್ಲ ಬಿಡು," ಎಂದ ಅವನು.

ಮದುವೆಯಾದಾಗಿನಿಂದ ಇದೇ ಮಾತು. ಶುಂಠಿ ಜಜ್ಜಿ ಹಾಕಿದಳು, ಏಲಕ್ಕಿ ಹಾಕಿದಳು, ನೀರು ಬೆರೆಸದೆ ಬರೀ ಹಾಲಿನಲ್ಲೇ ಕುದಿಸಿದಳು. ಅವನು ಪ್ರತಿ ಸಲವೂ ಮುಖ ಸಿಂಡರಿಸಿದ. ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ಅತ್ತೆ ಫೋನಿನಲ್ಲೇ ಹೇಳಿಕೊಟ್ಟಿದ್ದರು. ಆದರೆ ಚಹಾ ಮಾಡುವುದನ್ನೂ ಕೇಳಿದರೆ ನಗೆಗೀಡಾಗುತ್ತೇನೆಂದು ಅವಳು ಇಷ್ಟು ದಿನ ಸುಮ್ಮನಿದ್ದಳು.

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಮರೆಯಾಗುತ್ತಲೇ ಅವಳು ಅತ್ತೆಗೆ ಫೋನ್ ಹಚ್ಚಿ, ಗಂಡನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಅತ್ತಿ, ನೀವು ಚಹಾಕ್ಕ ಅದೇನು ಹಾಕತಿದ್ರಿ ಈಗ ಹೇಳಿಬಿಡ್ರಿ. ಇಲ್ಲಾಂದ್ರ ನಿಮ್ಮ ಮಗನ್ನ ನಾಳೆನೇ ಅಲ್ಲಿಗೆ ಕಳಸತೀನಿ!"

ಬಸಲಿಂಗ ಗಾಬರಿಯಿಂದ ಫೋನ್ ಕಸಿಯಲು ಬಂದ. ಅವಳು ಅವನ ಕೈಯನ್ನು ತಳ್ಳಿದಳು.

ಅತ್ತೆಗೂ ಸಿಟ್ಟು ಬಂದಿತ್ತು. "ನನ್ನ ಯಾಕ ಕೇಳತಿ? ನಿಮ್ಮ ಲಗ್ನ ಆಗೋ ತನಕ ಈ ಮನ್ಯಾಗ ದಿನಾ ಚಹಾ ಮಾಡತಿದ್ದಾಂವ ಅವನೇ ಅಲ್ಲೇನು!"