ಹಸುವಿನ ಬುಟ್ಟಿಯಲ್ಲಿ ಬೇಳೆ

ನೆನೆಸಿದ ಅವರೆಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಚಿಮ್ಮುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಆ ಸೊಗಡು ಇಂದಿಗೂ ನನ್ನನ್ನು ಬ್ಯಾಟರಾಯನಪುರದ ಮನೆಯ ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ನಾನು ಶಾಲೆಯಿಂದ ಬಂದಾಗ ಅಜ್ಜಿ ಹಿತ್ತಲಲ್ಲಿ ಕುಳಿತು ಅವರೆ ಹಿತಕುತ್ತಿದ್ದಳು. ಬೇಳೆ ಸಾರಿನ ಪಾತ್ರೆಗೆ, ಸಿಪ್ಪೆ ಹಸುವಿನ ಬುಟ್ಟಿಗೆ ಬೀಳಬೇಕು. ಪಾತ್ರೆಯ ತುಂಬ ಸಿಪ್ಪೆಯಿತ್ತು. ಬುಟ್ಟಿಯಲ್ಲಿ ನುಣುಪಾದ ಹಸಿರು ಬೇಳೆ.

“ಏನವ್ವಾ, ಇಂಗ್ ಕಣ್ ಬಿಡ್ತೀಯ? ಬೇಳೆ ಕದಿಯಾಕ್ ಬಂದ್ಯಾ?” ಎಂದು ಅಜ್ಜಿ ನಕ್ಕಳು.

ನನಗೆ ನಗು ಬರಲಿಲ್ಲ. ಹಿಂದಿನ ವಾರ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಅಮ್ಮ ಅಪ್ಪನಿಗೆ, “ಇನ್ನೊಂದ್ಸಲ ಇಂಗಾದ್ರೆ ಅತ್ತೇನ ಅಡಿಗೆಮನೆಗೆ ಬಿಡಾಕಿಲ್ಲ ನೋಡಿ,” ಎಂದಿದ್ದಳು.

ಅಮ್ಮ ಬಾವಿಯಿಂದ ನೀರು ತರುವಷ್ಟರಲ್ಲಿ ನಾನು ಬೇಳೆ, ಸಿಪ್ಪೆ ಎರಡನ್ನೂ ಅದಲುಬದಲು ಮಾಡಿದೆ. ಅಜ್ಜಿಯ ನಗು ನಿಂತಿತು. ತನ್ನ ಕೈಗಳನ್ನೇ ಬಹಳ ಹೊತ್ತು ನೋಡಿದಳು.

“ನಿಮ್ಮವ್ವನ ತಾವ ಯೋಳ್ಬ್ಯಾಡ ಕಣವ್ವ,” ಎಂದಳು.

ಮರುದಿನ ಬೆಳಿಗ್ಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದೆ. ಅಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ, “ಅಜ್ಜಿ, ನಂಗೆ ಮುದ್ದೆ ಮಾಡೋದು ಕಲ್ಸು,” ಎಂದು ಒಲೆಯ ಮುಂದಿದ್ದ ಅಜ್ಜಿಯ ಪಕ್ಕ ಹೋಗಿ ಕುಳಿತೆ.