ಫ್ರೈಸ್ ಬೇಡ

"ಪ್... ಪ್... ಪ್..." ಐಸ್-ಹಾಕಿ ಆಟದ ಅಂಗಳದ ಕ್ಯಾಂಟೀನಿನ ಮುಂದೆ ಒಂಬತ್ತು ವರ್ಷದ ಟೆಸ್ಸಾಳ ತುಟಿ ಬಿಗಿದು ನಿಂತಿತು. ಕೌಂಟರಿನ ಯೂನಿಸ್ ಒಳ್ಳೆಯ ಹೆಂಗಸು, ಮಗು ಒದ್ದಾಡುವುದನ್ನು ನೋಡಲಾರದೆ, "ಪಿಜ್ಜಾನಾ ಚಿನ್ನಾ? ಪಾಪ್‌ಕಾರ್ನಾ?" ಎಂದು ಒಂದೊಂದೇ ಹೆಸರು ಎತ್ತಿಕೊಟ್ಟಳು. ಹಿಂದೆ ಕ್ಯೂನಲ್ಲಿದ್ದ ಯಾರೋ ಕೆಮ್ಮಿದರು. ಟೆಸ್ಸಾ ತಲೆ ತಗ್ಗಿಸಿ, "ಫ್ರೈಸ್ ಕೊಡಿ," ಎಂದಳು, ಒಂದು ಚೂರೂ ತಡವರಿಸದೆ.

ಆ ಸಲೀಸು ಕೇಳಿ ಪಕ್ಕದಲ್ಲಿದ್ದ ಅವಳ ಅಪ್ಪ ಡೆಲ್ಮರ್ ಬೆಚ್ಚಿದ. ಕಾರಿನಲ್ಲಿ ದಾರಿಯುದ್ದಕ್ಕೂ ಅವಳು ಬೇಕೆಂದು ಕುಣಿದದ್ದು ಪುಟೀನ್: ಫ್ರೈಸಿನ ಮೇಲೆ ಚೀಸು, ಅದರ ಮೇಲೆ ಬಿಸಿ ಗ್ರೇವಿ. ಬಾಯಿಗೆ ಬಾರದ ಪದವನ್ನು ಬಿಟ್ಟು ಬರುವ ಪದವನ್ನು ಹಿಡಿಯುವ ಉಪಾಯ ಅವನದು. ಅವನೂ ಇಷ್ಟು ವರ್ಷ ಆಸೆ ನುಂಗಿಕೊಂಡು ಇಲ್ಲಿ ಫ್ರೈಸನ್ನೇ ತಿಂದಿದ್ದ. ಅವನು ಉಗ್ಗುತ್ತಾನೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮಗಳಿಗೂ. ಯಾರೂ ಹೇಳಿಕೊಡದೆ ಅವಳೂ ಅದನ್ನೇ ಕಲಿತುಬಿಟ್ಟಿದ್ದಳು.

"ನಿಂಗೂ ಮಾಮೂಲಿ ಫ್ರೈಸೇ ತಾನೇ, ಡೆಲ್ಮರ್?" ಯೂನಿಸ್ ಕೇಳಿದಳು.

"ಬೇಡ. ಇವತ್ತು ನಂಗೆ ಪ್... ಪ್..." ಅವನ ದವಡೆ ಕಚ್ಚಿಕೊಂಡಿತು. ಯೂನಿಸ್ ಸಹಾಯಕ್ಕೆಂದು ಬಾಯಿ ತೆರೆದಳು. ಅವನು ತಡಿ ಎಂಬಂತೆ ಕೈ ಎತ್ತಿದ. ಪದ ಬರುವ ತನಕ ಇಳಿಸಲಿಲ್ಲ. "...ಪುಟೀನ್."

ಟೆಸ್ಸಾ ಅವನನ್ನು ಈಗಷ್ಟೇ ಕಂಡವಳಂತೆ ನೋಡಿದಳು. "ಅಪ್ಪಾ, ನಿಂಗೂನಾ?"

"ನಂಗೂನೂ ಕಣೇ. ಚಿಕ್ಕಂದಿನಿಂದ."

ಅವಳು ಕೌಂಟರಿನ ಕಡೆ ತಿರುಗಿದಳು. "ಫ್ರೈಸ್ ಬೇಡ. ನಂಗೂ ಪ್... ಪ್... ಪ್..." ಎನ್ನುತ್ತ, ಅಪ್ಪನ ಹಾಗೆಯೇ ಪುಟ್ಟ ಕೈಯನ್ನು ಮೇಲೆತ್ತಿದಳು. ಗ್ರೇವಿಯ ಸೌಟು ಹಿಡಿದ ಯೂನಿಸ್ ಸುಮ್ಮನೆ ಕಾದಳು.